ಎಡಚಿಯ ಗಿಟಾರಿಗೆ ಹೊಸ ಕುತ್ತಿಗೆ

ಗಣೇಶನ ಹಬ್ಬ ಬಂತೆಂದರೆ ಬೆಂಗಳೂರಿನ ಆರ್ಕೆಸ್ಟ್ರಾದವರಿಗೆ ಸುಗ್ಗಿ. ಚಾಮರಾಜಪೇಟೆಯ ಒಂದು ಗಲ್ಲಿಯಲ್ಲಿ ಇವತ್ತು, ಹನುಮಂತನಗರದ ಇನ್ನೊಂದು ಗಲ್ಲಿಯಲ್ಲಿ ನಾಳೆ. ಅಂಥ ಹೊತ್ತಿನಲ್ಲೇ ಶಶಿರೇಖಾಳ ಗಿಟಾರಿನ ಕುತ್ತಿಗೆ ಮುರಿಯಬೇಕೆ! ಕಾರ್ಯಕ್ರಮ ಮುಗಿಸಿ ಬರುವಾಗ ಟೆಂಪೋದಲ್ಲಿ ಸ್ಪೀಕರ್ ಪೆಟ್ಟಿಗೆ ಉರುಳಿ ಅದರ ಮೇಲೆ ಬಿತ್ತು. ಚೀಲ ಬಿಚ್ಚಿ ನೋಡಿದರೆ ಕುತ್ತಿಗೆ ಎರಡು ತುಂಡಾಗಿ ತಂತಿಗಳಲ್ಲಿ ಜೋತಾಡುತ್ತಿತ್ತು. ಶಶಿರೇಖಾ ಅಳಲಿಲ್ಲ. ಪೆಟ್ಟಿಗೆಗೆ ಹಗ್ಗ ಕಟ್ಟದೆ ಬಿಟ್ಟವರಿಗೆಲ್ಲ ಅಲ್ಲೇ ನಿಂತು ಮಂಗಳಾರತಿ ಎತ್ತಿದಳು.

ಎಲೆಕ್ಟ್ರಿಕ್ ಗಿಟಾರಿನದು ಒಂದು ಅನುಕೂಲ. ಮೈ ಬೇರೆ, ಕುತ್ತಿಗೆ ಬೇರೆ. ಹಿಂದಿನಿಂದ ನಾಲ್ಕು ಸ್ಕ್ರೂ ಬಿಚ್ಚಿದರೆ ಹಳೆಯದು ಕಳಚಿ ಬರುತ್ತದೆ, ಹೊಸದನ್ನು ತಂದು ಕೂರಿಸಬಹುದು. ಆರ್ಕೆಸ್ಟ್ರಾದ ಯಜಮಾನ ಕಶ್ಯಪ್ ಎದೆ ತಟ್ಟಿಕೊಂಡು, "ಪೆಟ್ಟಿಗೆ ನಮ್ದು, ತಪ್ಪೂ ನಮ್ದು. ಹೊಸಾ ನೆಕ್ ನಾನೇ ಕೊಡಿಸ್ತೀನಿ ಬಾ ಶಶಿ" ಅಂದ. ಕಶ್ಯಪ್ ಕೆಟ್ಟವನಲ್ಲ. ಆದರೆ ಅವನು ತಾನಾಗಿ ಏನಾದರೂ ಕೊಡಿಸುತ್ತೇನೆ ಅಂದರೆ ಅದರ ಬಾಲಕ್ಕೆ ಇನ್ನೇನೋ ಕಟ್ಟಿರುತ್ತದೆ, ಇದು ಅವನ ಜೊತೆ ದುಡಿದವರಿಗೆಲ್ಲ ಗೊತ್ತು.

ಏನು ಕಟ್ಟಿತ್ತು ಅಂತ ಹೇಳಬೇಕಾದರೆ ಮೊದಲು ಶಶಿರೇಖಾಳ ಎಡಗೈಯ ಕಥೆ ಹೇಳಬೇಕು. ಅವಳು ಹುಟ್ಟಾ ಎಡಚಿ. ಗಾಂಧಿ ಬಜಾರಿನಲ್ಲಿ ಅವಳ ತಾಯಿ ದ್ರೌಪದಮ್ಮನ ತರಕಾರಿ ವ್ಯಾಪಾರ. ಸೊಪ್ಪಿನ ಕಟ್ಟಿಗೆ ನೀರು ಚಿಮುಕಿಸುವುದರಿಂದ ಹಿಡಿದು ತಕ್ಕಡಿ ಎತ್ತುವವರೆಗೆ ಮಗಳ ಎಡಗೈ ಎಲ್ಲದಕ್ಕೂ ಬೇಕು, ಬೆಳಗಿನ ಬೋಣಿಗೆ ಮಾತ್ರ ಬೇಡ. ದಿನದ ಮೊದಲ ವ್ಯಾಪಾರ ಎಡಗೈಯಲ್ಲಿ ಆದರೆ ಆ ದಿನವೇ ಹಾಳಂತೆ. ಕೈ ಚಾಚಿದರೆ ಸಾಕು, ಗಿರಾಕಿಗಳು "ಬಲಗೈಲಿ ಕೊಡಮ್ಮಾ" ಅನ್ನುವರು. ಅದೇ ಎಡಗೈ ಆರಿಸಿಕೊಟ್ಟ ಹುರುಳಿಕಾಯಿ ತಿನ್ನುವಾಗ ಯಾರ ನಾಲಿಗೆಗೂ ಎಡವೂ ಗೊತ್ತಿಲ್ಲ, ಬಲವೂ ಗೊತ್ತಿಲ್ಲ. ಇಂಥ ಜನ!

ಕಾಲೇಜಿನ ದಿನಗಳಲ್ಲಿ ಅವಳಿಗೆ ಸಿಕ್ಕಿದ್ದು ಯಾರೋ ಬಳಸಿ ಬಿಟ್ಟ ಗಿಟಾರು. ಬಲಗೈಯವರದು. ಅವಳು ಅದನ್ನು ತಲೆಕೆಳಗು ಮಾಡಿ ಹಿಡಿದು, ತಂತಿಗಳನ್ನು ಅದಲುಬದಲು ಮಾಡಿ ಕಟ್ಟಿಕೊಂಡು ಕಲಿತಳು. ಯಾವ ಸ್ವರ ಎಲ್ಲಿದೆ ಅಂತ ತೋರಿಸಲು ಕುತ್ತಿಗೆಯ ಮೇಲಂಚಿನಲ್ಲಿ ಸಣ್ಣ ಚುಕ್ಕಿಗಳಿರುತ್ತವೆ. ತಲೆಕೆಳಗು ಮಾಡಿದ ಮೇಲೆ ಆ ಚುಕ್ಕಿಗಳು ನೆಲ ನೋಡುತ್ತಿದ್ದವು. ದ್ರೌಪದಮ್ಮನ ಸ್ಟಿಕ್ಕರ್ ಬೊಟ್ಟುಗಳನ್ನೇ ಕಿತ್ತು ಮೇಲಿನ ಅಂಚಿಗೆ ಅಂಟಿಸಿಕೊಂಡಳು. ಬೆವರಿಗೆ ಅವು ಜಾರುತ್ತಿದ್ದವು, ಮತ್ತೆ ಅಂಟಿಸುತ್ತಿದ್ದಳು. ಹಾಗೇ ಬಾರಿಸಿ ಬಾರಿಸಿ ಕಶ್ಯಪನ ಆರ್ಕೆಸ್ಟ್ರಾ ಸೇರಿದಳು, ಅವನ ತಂಡದಲ್ಲಿ ಅವಳಿಗಿಂತ ಚೆನ್ನಾಗಿ ಬಾರಿಸುವವರು ಇನ್ನೊಬ್ಬರಿರಲಿಲ್ಲ.

ಆರ್ಕೆಸ್ಟ್ರಾದಲ್ಲಿ ಮೊದಲ ಹಾಡು ಗಣಪತಿಯದು. ಅದರ ಶುರುವಿಗೆ ಒಂದು ಗಿಟಾರಿನ ತುಣುಕು ಹೊಂದಿಸಿದವಳು ಶಶಿರೇಖಾ. ಎಳೆಎಳೆಯಾಗಿ ಏರಿ ಹೋಗಿ, ಮೇಲೆ ಒಂದು ಕ್ಷಣ ನಿಂತು, ಧುಮುಕುವ ತುಣುಕು. ಕೇಳಿದವರು ಮಾತು ನಿಲ್ಲಿಸಿ ವೇದಿಕೆ ನೋಡುತ್ತಿದ್ದರು. ಹೋದ ವರ್ಷ ಚಾಮರಾಜಪೇಟೆಯಲ್ಲಿ ಅವಳು ಅದನ್ನು ಬಾರಿಸಿ, ಎರಡನೇ ಹಾಡು ಶುರುವಾಗಬೇಕು, ರಸ್ತೆಯ ಟ್ರಾನ್ಸ್‌ಫಾರ್ಮರ್ ಢಂ ಅಂತು. ಇಡೀ ಗಲ್ಲಿಗೆ ಕತ್ತಲು. ಗಲ್ಲಿಯವರೆಲ್ಲ ಬಣ್ಣದ ದೀಪಗಳ ಸೀರಿಯಲ್ ಸೆಟ್ಟಿಗೆ ಕದ್ದು ಕರೆಂಟು ಎಳೆದಿದ್ದು ಯಾರಿಗೂ ನೆನಪಾಗಲಿಲ್ಲ. ಗಣೇಶೋತ್ಸವ ಸಮಿತಿಯ ಅಧ್ಯಕ್ಷ ವೆಂಕಟಪ್ಪ ಮಾತ್ರ ಕಾರಣ ಕಂಡುಹಿಡಿದುಬಿಟ್ಟ. "ದೇವರ ಹಾಡು ಎಡಗೈಲಿ ಶುರು ಮಾಡಿದ್ರೆ ಇನ್ನೇನಾಗುತ್ತೆ?"

ಅಷ್ಟೇ. ಅಂದಿನಿಂದ ಎಲ್ಲಿ ಕಾರ್ಯಕ್ರಮವಾದರೂ ಮೊದಲ ಹಾಡಿಗೆ ಶಶಿರೇಖಾ ಪರದೆಯ ಹಿಂದೆ. ಅವಳು ಹೊಂದಿಸಿದ ತುಣುಕನ್ನು ಕೀಬೋರ್ಡಿನವನು ಗಿಟಾರಿನ ಸದ್ದಿಟ್ಟುಕೊಂಡು ಒತ್ತುತ್ತಿದ್ದ. ಹಾಡು ಮುಗಿದ ಮೇಲೆ ಅವಳು ಬಂದು ನಿಲ್ಲಬೇಕು. ಹೆತ್ತ ಮಗುವಿನ ನಾಮಕರಣಕ್ಕೆ ತಾಯಿ ಹಿತ್ತಲಲ್ಲಿ ಕೂತಂತೆ ಕೂತು ಆ ತುಣುಕು ಕೇಳಿಸಿಕೊಳ್ಳುವಾಗ ಅವಳ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು. ಮೊದಲ ಹಾಡು ತನಗೆ ವಾಪಸ್ ಬೇಕು. ಅದಕ್ಕಿಂತ ದೊಡ್ಡ ಆಸೆ ಅವಳಿಗೆ ಆ ವರ್ಷ ಬೇರೆ ಇರಲಿಲ್ಲ.

ಈಗ ಅಂಗಡಿಗೆ ಬರೋಣ. ವಾದ್ಯ ರಿಪೇರಿ ಮಾಡುವ ಮುನಿರಾಮಪ್ಪನ ಅಂಗಡಿ ಚಾಮರಾಜಪೇಟೆಯಲ್ಲೇ ಇದೆ. ಅವನು ಮೇಜಿನ ಮೇಲೆ ಎರಡು ನೆಕ್ ಇಟ್ಟ. ಒಂದು ಜೇನಿನ ಬಣ್ಣದ್ದು, ಪಾಲಿಶ್ ಮಾಡಿ ಥಳಥಳ ಹೊಳೆಯುತ್ತಿತ್ತು. ಬಲಗೈಯವರದು. ಇನ್ನೊಂದು ಬಣ್ಣ ಕಾಣದ ಬರೀ ಮರ, ಅಟ್ಟದ ಧೂಳು ಇನ್ನೂ ಪೂರ್ತಿ ಹೋಗಿರಲಿಲ್ಲ. ಎಡಗೈಯವರದು. ಯಾರೋ ಆರ್ಡರ್ ಕೊಟ್ಟು ತರಿಸಿ, ಆಮೇಲೆ ಈ ಕಡೆ ತಲೆ ಹಾಕಿರಲಿಲ್ಲವಂತೆ.

"ಹೊಳೆಯೋದು ತಗೋ ತಾಯಿ, ಸಾಯಂಕಾಲಕ್ಕೇ ಕೂರಿಸಿ ಕೊಡ್ತೀನಿ," ಅಂದ ಮುನಿರಾಮಪ್ಪ. "ಇದಕ್ಕಾದ್ರೆ ಉಜ್ಜಬೇಕು, ಎಣ್ಣೆ ಹಾಕ್ಬೇಕು. ಮತ್ತೆ ಬೇಡ ಅಂತ ವಾಪಸ್ ತಂದ್ರೆ ನಾನು ತಗೊಳಲ್ಲ. ನನ್ ಅಟ್ಟಕ್ಕೂ ಇದು ಸಾಕಾಗೋಗಿದೆ."

ಕಶ್ಯಪ್ ಗಂಟಲು ಸರಿಮಾಡಿಕೊಂಡ. ಬಾಲ ಈಗ ಹೊರಬಂತು.

"ನೋಡು ಶಶಿ, ಇದು ದೇವ್ರೇ ಕೊಟ್ಟಿರೋ ಚಾನ್ಸು ಅನ್ಕೋ. ಹೆಂಗೂ ಹೊಸಾದು ಹಾಕ್ತಿದೀವಿ. ಬಲಗೈದು ಹಾಕ್ಸು, ಬಲಗೈಲೇ ಕಲಿ. ನಿನ್ನಂಥೋಳಿಗೆ ಆರು ತಿಂಗಳು ಜಾಸ್ತಿ ಆಯ್ತು. ಆಮೇಲೆ ಮೊದಲ್ನೇ ಹಾಡೂ ನಿಂದೇ, ಮಧ್ಯದಲ್ಲಿ ನಿಲ್ಲೋ ಜಾಗಾನೂ ನಿಂದೇ. ಯಾರ ಹತ್ರಾನೂ ಒಂದು ಮಾತು ಕೇಳೋ ಹಂಗಿರಲ್ಲ."

"ಆರು ತಿಂಗಳು?"

"ಅಲ್ಲೀವರ್ಗೂ ಟ್ಯಾಂಬೊರೀನ್ ಹಿಡ್ಕೊಂಡು ಝಲ್ ಝಲ್ ಅನ್ನಿಸ್ತಿರು. ಕೋರಸ್ ಹಾಡು."

"ಹುಟ್ಟುಗುಣ ಸುಟ್ರೂ ಹೋಗಲ್ಲ ಕಶ್ಯಪಣ್ಣ. ಸ್ಕೂಲಲ್ಲಿ ಮೇಡಮ್ಮು ಸ್ಕೇಲು ಮುರಿಯೋ ಹಂಗೆ ಹೊಡೆದ್ರು, ಹೋಗ್ಲಿಲ್ಲ. ನಿಮ್ ಟ್ಯಾಂಬೊರೀನ್‌ಗೆ ಹೋಗುತ್ತಾ?"

ಅವಳು ಎರಡನ್ನೂ ಒಂದೊಂದಾಗಿ ಹಿಡಿದು ನೋಡಿದಳು. ಹೊಳೆಯುವುದು, ಸುಳ್ಳು ಹೇಳಬಾರದು, ಚೆನ್ನಾಗಿಯೇ ಇತ್ತು. ಹಿಂಭಾಗ ಸಪೂರ, ಅಂಗೈಗೆ ಬೆಣ್ಣೆ. ಇದನ್ನೂ ತಲೆಕೆಳಗು ಮಾಡಿ ಬಾರಿಸಬಹುದಿತ್ತು, ಇಷ್ಟು ದಿನ ಬಾರಿಸಿರಲಿಲ್ಲವೇ? ಆಮೇಲೆ ಧೂಳಿನದನ್ನು ಎತ್ತಿಕೊಂಡಳು. ಸ್ವಲ್ಪ ದಪ್ಪ, ಮರ ಒರಟು. ಎದೆಯ ಮುಂದೆ ಅಡ್ಡಹಿಡಿದು ಕಣ್ಣು ಕೆಳಗಿಳಿಸಿದಳು. ಮೇಲಂಚಿನಲ್ಲಿ ಸಣ್ಣ ಬಿಳಿ ಚುಕ್ಕಿಗಳು ಸಾಲಾಗಿ ಅವಳನ್ನೇ ನೋಡುತ್ತಿದ್ದವು. ಯಾರೂ ಅಂಟಿಸಿದ್ದಲ್ಲ, ಮರದಲ್ಲೇ ಕೂತಿದ್ದವು. ತಂತಿ ಬಿಗಿಯುವ ಕೀಗಳು ಬರುವ ತೂತುಗಳೂ ಮೇಲುಗಡೆ, ಕೈಗೆ ಸಿಗುವಲ್ಲಿ. ತನ್ನಂಥವರೂ ಇರುತ್ತಾರೆ ಅಂತ ತಿಳಿದು ಎಲ್ಲೋ ಯಾರೋ ಕೂತು ಇದನ್ನು ಮಾಡಿದ್ದಾರಲ್ಲ ಅನ್ನಿಸಿ ಅವಳು ಆ ಚುಕ್ಕಿಗಳ ಮೇಲೆ ಬೆರಳಾಡಿಸಿದಳು.

"ಇದೇ," ಅಂದಳು.

"ಇದು ತಗೊಂಡ್ರೆ ಮೊದಲ್ನೇ ಹಾಡಿನ ಮಾತು ಎತ್ತಬೇಡ," ಅಂದ ಕಶ್ಯಪ್. "ವೆಂಕಟಪ್ಪನೋರು ಈ ಸಲಾನೂ ಹೇಳವ್ರೆ. ಗಣಪತಿ ಹಾಡಿಗೆ ಎಡಗೈ ಬೇಡ ಅಂತ."

ಶಶಿರೇಖಾಗೆ ಪಿತ್ತ ನೆತ್ತಿಗೇರಿತು. "ಕಶ್ಯಪಣ್ಣ, ನೀವೂ ಗಿಟಾರ್ ಕಲ್ತಿದೀರಲ್ಲ? ನಿಮ್ ಬಲಗೈ ಗಿಟಾರಲ್ಲಿ ನೆಕ್ ಹಿಡ್ಕೊಂಡು ಸ್ವರ ಒತ್ತೋದು ಯಾವ ಕೈ?"

"ಎಡಗೈ."

"ನಂದ್ರಲ್ಲಿ?"

ಕಶ್ಯಪ್ ಗಾಳಿಯಲ್ಲೇ ಗಿಟಾರು ತಿರುಗಿಸಿ ಹಿಡಿದು ನೋಡಿದ. "ಬಲಗೈ."

"ಹಂಗಾದ್ರೆ ಇಷ್ಟು ವರ್ಷ ದೇವರ ಸ್ವರಾನ ಎಡಗೈಲಿ ಮುಟ್ಟಿರೋರು ನೀವು! ಹೋಗಿ, ನೀವೆಲ್ಲಾ ಪರದೆ ಹಿಂದೆ ಕೂತ್ಕೊಳ್ಳಿ!"

ಮುನಿರಾಮಪ್ಪ ಗೊಳ್ಳೆಂದು ನಕ್ಕ. ಕಶ್ಯಪ್ ನಗಲಿಲ್ಲ, ಅವನ ಕಣ್ಣು ಮಿನುಗಿತು. ಅಲ್ಲೇ ಅಂಗಡಿಯ ಮೆಟ್ಟಿಲಿಗೆ ಹೋಗಿ ವೆಂಕಟಪ್ಪನಿಗೆ ಫೋನು ಹಚ್ಚಿದ. "ಯಜಮಾನ್ರೇ, ಹೊಸಾ ನೆಕ್ ಹಾಕಿಸ್ತಿದೀವಿ, ಈ ನೆಕ್ಕಲ್ಲಿ ಸ್ವರ ಎಲ್ಲಾ ಬಲಗೈದೇ... ಹೂಂ, ಎಡಗೈ ಸುಮ್ನೆ ಸಹಾಯಕ್ಕೆ... ನೀವು ದೊಡ್ಡೋರು, ಒಪ್ಕೋಬೇಕು..." ವಾಪಸ್ ಬಂದವನ ಮುಖದಲ್ಲಿ ಹಬ್ಬ. "ಒಪ್ಕೊಂಡ್ರು! ಹಾವೂ ಸಾಯಲಿಲ್ಲ, ಕೋಲೂ ಮುರೀಲಿಲ್ಲ. ಮೊದಲ್ನೇ ಹಾಡು ನಿಂದೇ, ಹೋಗು."

ಬೇಕಾದ್ದು ಸಿಕ್ಕಿತ್ತು. ಆದರೂ ಶಶಿರೇಖಾಳಿಗೆ ಖುಷಿಯ ಜೊತೆಗೇ ಎಲ್ಲೋ ಒಂದು ಮುಳ್ಳು ಚುಚ್ಚಿದಂತಾಯಿತು. ಕೋಪದಲ್ಲಿ ಆಡಿದ ಮಾತನ್ನು ಇವನು ಹೀಗೆ ಮಾರುತ್ತಾನೆ ಅಂತ ಅವಳು ಎಣಿಸಿರಲಿಲ್ಲ. ಇರಲಿ, ಹಾಡು ಸಿಕ್ಕಿತಲ್ಲ ಅಂದುಕೊಂಡು ಸುಮ್ಮನಾದಳು.

ಮುನಿರಾಮಪ್ಪ ಗೊಣಗುತ್ತಲೇ ಮರ ಉಜ್ಜಿದ, ಎಣ್ಣೆ ಬಳಿದ, ತೂತು ಕೊರೆದು ಕೂರಿಸಿದ. ಗಿಟಾರು ಮನೆಗೆ ಬಂದ ಮೇಲೆ ಅವಳು ಹಳೆಯ ಅಭ್ಯಾಸದಲ್ಲಿ ಒಂದೆರಡು ಸಲ ಬೊಟ್ಟು ಹುಡುಕಿದಳು, ಆಮೇಲೆ ಬೆರಳುಗಳು ತಾವಾಗಿ ಚುಕ್ಕಿಗಳನ್ನು ನಂಬಿದವು. ಮೊದಲ ಹಾಡಿನ ತುಣುಕು ಹಿಂದೆಂದೂ ಇಷ್ಟು ಸಲೀಸಾಗಿ ಏರಿರಲಿಲ್ಲ. ಅಡುಗೆ ಮನೆಯಿಂದ ದ್ರೌಪದಮ್ಮ, "ಸಾಕು ಮಾಡೇ, ಪಕ್ಕದ್ಮನೆಯೋರು ಬರ್ತಾರೆ" ಅಂದಳು. ಬಾಗಿಲು ಮಾತ್ರ ಮುಚ್ಚಲಿಲ್ಲ.

ಕಾರ್ಯಕ್ರಮದ ಸಾಯಂಕಾಲ ಚಾಮರಾಜಪೇಟೆಯ ಗಲ್ಲಿ ತುಂಬಿ ತುಳುಕುತ್ತಿತ್ತು. ವೇದಿಕೆಯ ಪಕ್ಕದ ಪೆಂಡಾಲಿನಲ್ಲಿ ಗಣಪ್ಪ, ಮುಂದಿನ ಸಾಲಿನ ಕೆಂಪು ಕುರ್ಚಿಯಲ್ಲಿ ಶಲ್ಯ ಹೊದ್ದ ವೆಂಕಟಪ್ಪ. ಶಶಿರೇಖಾ ಪರದೆಯ ಮುಂದೆ, ದೀಪಗಳ ಕೆಳಗೆ ನಿಂತಿದ್ದಳು. ಕಶ್ಯಪ್ ಮೈಕ್ ಹಿಡಿದ.

"ಪೂಜ್ಯ ವಿಘ್ನೇಶ್ವರನ ಪಾದಕ್ಕೆ ಮೊದಲ ಗೀತೆ! ಗಿಟಾರಿನಲ್ಲಿ ನಮ್ಮ ಶಶಿರೇಖಾ. ಸಮಿತಿಯ ಹಿರಿಯರ ಅಪ್ಪಣೆಯಂತೆ ಹೊಸ ರೀತಿಯ ಗಿಟಾರಿನಲ್ಲಿ, ಸ್ವರಗಳನ್ನೆಲ್ಲಾ ತಮ್ಮ ಬಲಗೈಯಿಂದಲೇ ಅರ್ಪಿಸ್ತಿದಾರೆ! ಜೋರಾಗಿ ಚಪ್ಪಾಳೆ!"

ವೆಂಕಟಪ್ಪ ಗಂಭೀರವಾಗಿ ತಲೆಯಾಡಿಸಿದ. ಜನ ಚಪ್ಪಾಳೆ ತಟ್ಟಿದರು. ಶಶಿರೇಖಾ ತನ್ನ ಎಡಗೈ ನೋಡಿಕೊಂಡಳು. ತಂತಿಗೆ ಪೆಟ್ಟು ಕೊಡುವುದು ಇದು. ಇದು ಮುಟ್ಟದಿದ್ದರೆ ಬಲಗೈ ಬೆರಳುಗಳು ಸುಮ್ಮನೆ ಮರ ಒತ್ತಿಕೊಂಡು ಕೂರಬೇಕು, ಒಂದು ಸದ್ದೂ ಹುಟ್ಟುವುದಿಲ್ಲ. ಹೊಡೆತ ತಿಂದದ್ದು ಇದು, ಹುರುಳಿಕಾಯಿ ಆರಿಸಿದ್ದು ಇದು. ಈಗ ಹಾಡು ಸಿಗುವ ಹೊತ್ತಿಗೆ ಇದನ್ನೇ ಬಚ್ಚಿಟ್ಟುಕೊಂಡು ನಿಲ್ಲಬೇಕೆ? ಥೂ, ಪರದೆಯ ಹಿಂದಿದ್ದಾಗಲೂ ಇಷ್ಟು ನಾಚಿಕೆಯಾಗಿರಲಿಲ್ಲ.

ಅವಳು ಮುಂದೆ ಬಂದು ಕಶ್ಯಪನ ಕೈಯಿಂದ ಮೈಕ್ ಕಿತ್ತುಕೊಂಡಳು.

"ಒಂದು ನಿಮಿಷ. ನಾನು ಎಡಚಿ." ಎಡಗೈ ಎತ್ತಿ ಎಲ್ಲರಿಗೂ ತೋರಿಸಿದಳು. "ಹೋದ ವರ್ಷ ಇಲ್ಲಿ ಬಾರ್ಸಿದ್ದು ಇದೇ ಕೈ. ಇವತ್ತು ಬಾರ್ಸೋದೂ ಇದೇ ಕೈ. ಬಲಗೈ ಅಂತ ಯಾರೂ ತಿಳ್ಕೋಬೇಡಿ."

ಚಪ್ಪಾಳೆ ನಿಂತಿತು. "ತಲೆ ಕೆಟ್ಟಿದ್ಯಾ ನಿಂಗೆ? ಸಿಕ್ಕಿರೋದನ್ನ ಕಳ್ಕೋತಿದೀಯ!" ಕಶ್ಯಪ್ ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದ. ಅಷ್ಟರಲ್ಲಿ ವೆಂಕಟಪ್ಪ ಕುರ್ಚಿ ಬಿಟ್ಟು ಎದ್ದಿದ್ದ.

"ಏನಮ್ಮಾ ಇದು, ದೇವರ ಮುಂದೆ ಉದ್ಧಟತನ! ಗಣಪತಿಗೆ ಆಗಲ್ಲ ಇದು. ಕೆಳಗಿಳಿ!"

"ಗಣಪ್ಪ ಇಲ್ಲೇ ಕೂತವ್ನೆ ಯಜಮಾನ್ರೇ." ಅವಳ ದನಿ ಗಲ್ಲಿಯ ತುದಿಯವರೆಗೂ ಕೇಳಿತು. "ಅವನಿಗೆ ಬೇಡ ಅಂದ್ರೆ ತಂತಿ ಅವನೇ ಕಡೀಲಿ. ಕಡಿದ ಕ್ಷಣಾನೇ ಇಳಿದು ಹೋಗ್ತೀನಿ, ಜನ್ಮದಲ್ಲಿ ಗಿಟಾರ್ ಮುಟ್ಟಲ್ಲ. ಅಲ್ಲೀವರ್ಗೂ ನೀವು ಕೂತ್ಕೊಳ್ಳಿ."

ಹೆಂಗಸರ ಕಡೆಯಿಂದ ಯಾರೋ, "ನೋಡೇಬಿಡಣ, ಬಾರ್ಸಮ್ಮಾ!" ಅಂತ ಕೂಗಿದರು. ವೆಂಕಟಪ್ಪ ಕೂರಲಿಲ್ಲ. ಪೆಂಡಾಲಿನ ಕಡೆ ತಿರುಗಿ ಗಣಪ್ಪನ ಮುಖ ನೋಡುತ್ತ ನಿಂತ.

ಶಶಿರೇಖಾ ಎಡಗೈ ಎತ್ತಿ ಬಾರಿಸಿದಳು. ತುಣುಕು ಎಳೆಎಳೆಯಾಗಿ ಏರಿತು. ಮೇಲೆ ಹೋಗಿ ನಿಲ್ಲುವ ಸ್ವರವನ್ನು ಅವಳು ಅವತ್ತು ಬೇಕಂತಲೇ ಬಿಡಲಿಲ್ಲ, ತಂತಿಯನ್ನು ಇನ್ನೂ ಎಳೆದಳು, ಇನ್ನೂ ಎಳೆದಳು, ಕಡಿಯುವುದಾದರೆ ಕಡಿಯಲಿ ಎಂದು ಗಣಪ್ಪನನ್ನೇ ನೋಡುತ್ತ ಎಳೆದಳು.

ಒಂದು ತಂತಿಯೂ ಕಡಿಯಲಿಲ್ಲ.