ಕಾವೇರಿಗೆ ಆ ಮಾತು ಹೇಳಿದವರು ಯಾರು?

ಬಾಗಿಲು ಬಡಿದ ಸದ್ದು ಮೂರು ಸಲ ಕೇಳಿಸಿತು.

"ಯಾರು?" ಎಂದು ರಾಜೇಶ್ವರಿ ಒಳಗಿನಿಂದಲೇ ಕೇಳಿದಳು. ನಾಲ್ಕನೆಯ ಸದ್ದು ಕೈಯದಾಗಿರಲಿಲ್ಲ; ಯಾರೋ ಹಣೆಯನ್ನೇ ಬಾಗಿಲಿಗೆ ಒತ್ತಿ ನಿಂತಂತಿತ್ತು.

ಚಿಲಕ ತೆಗೆದಾಗ ಎದುರಿಗೆ ಕುರಿ ಕಾಯುವ ಕಾಂತು ನಿಂತಿದ್ದ. ಹೆಗಲ ಮೇಲೆ ಕಂಬಳಿಯಿತ್ತು. ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಬರ್ರಿ," ಎಂದ.

"ಎಲ್ಲಿಗೋ? ಏನಾಗೇತಿ?"

"ಹೊರಗ ನಿಂತು ಹೇಳೂ ಮಾತಲ್ರಿ ಬಾಯಾರ. ಚೀಲ ತಗೊಂಡು ಬರ್ರಿ."

ಅದು ೨೦೦೧ನೆಯ ಇಸವಿ. ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿ, ಇಂಗಳೇಶ್ವರದಿಂದ ಆಚೆಗಿರುವ ಆ ಸಣ್ಣ ಊರಿಗೆ ರಾಜೇಶ್ವರಿ ನರ್ಸಾಗಿ ಬಂದು ನಾಲ್ಕು ವರ್ಷಗಳಾಗಿದ್ದವು; ವಾರವೆಲ್ಲ ಊರಲ್ಲೇ ಇದ್ದು, ಶನಿವಾರ ಮಾತ್ರ ತವರಿಗೆ ಹೋಗಿಬರುತ್ತಿದ್ದಳು. ಕಾಂತುವಿನ ಹೆಂಡತಿ ಕಾವೇರಿಯ ಮೂರನೆಯ ಹೆರಿಗೆಯಾದದ್ದು ಅವಳ ಕೈಯಲ್ಲೇ, ಎಂಟು ತಿಂಗಳ ಹಿಂದೆ. ಅಂದು ರಕ್ತ ನಿಲ್ಲದೆ ಕಾವೇರಿ ಸಾವಿನ ಬಾಗಿಲಿನಿಂದ ಹಿಂದಿರುಗಿದ್ದಳು. ಇನ್ನು ಮೂರು ವರ್ಷ ಬಸಿರು ಬೇಡವೆಂದು ಡಾಕ್ಟರು ಎಚ್ಚರಿಸಿದ್ದರು.

ಕಾಂತುವಿನ ಮನೆಯ ಹೊಸ್ತಿಲಲ್ಲಿ ಅವನ ತಾಯಿ ಸಾತವ್ವ ಕಂದೀಲು ಹಿಡಿದು ನಿಂತಿದ್ದಳು. "ಏನಿಲ್ರಿ, ಮುಟ್ಟಿನ ತೊಂದರಿ. ಎರಡ ಗುಳಿಗಿ ಕೊಟ್ಟು ಹೋಗ್ರಿ," ಎಂದಳು.

ಒಳಕೋಣೆಯ ಕೌದಿಯ ಮೇಲೆ ಕಾವೇರಿ ಮಲಗಿದ್ದಳು. ರಾಜೇಶ್ವರಿ ಕೌದಿಗೆ ಕೈಯಿಟ್ಟಳು. ಅದು ತೋಯ್ದು ಭಾರವಾಗಿತ್ತು. ಹಣೆ ಕೆಂಡದಂತೆ ಸುಡುತ್ತಿತ್ತು. ಹೊಟ್ಟೆ ಹಲಗೆಯಂತೆ ಗಟ್ಟಿಯಾಗಿತ್ತು. ಕೋಣೆಯಲ್ಲಿ ಕೆಟ್ಟ ವಾಸನೆಯೊಂದು ನಿಂತಿತ್ತು. ಇದು ಮುಟ್ಟಿನ ತೊಂದರೆಯಲ್ಲವೆಂದು ಅವಳಿಗೆ ಕ್ಷಣದಲ್ಲಿ ತಿಳಿಯಿತು.

"ಕಾವೇರಿ, ದಿನ ನಿಂತಿದ್ವೇನು? ಯಾರ ಕಡೆ ಹೋಗಿದ್ದಿ? ಏನ ಮಾಡಿಸಿಕೊಂಡೀ?"

"ಎಲ್ಲೂ ಹೋಗಿಲ್ರಿ." ಕಾವೇರಿಯ ತುಟಿ ಬಿಳುಚಿತ್ತು. ಮರುಗಳಿಗೆ ಅವಳು ರಾಜೇಶ್ವರಿಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು. "ದವಾಖಾನಿಗೆ ಮಾತ್ರ ಬ್ಯಾಡ್ರಿ. ಪೊಲೀಸ್ರು ಬರ್ತಾರ. ನನ್ನ ಮಕ್ಕಳಿಗೆ ಯಾರೂ ದಿಕ್ಕಿಲ್ರಿ."

ಸಾತವ್ವ ಕಂದೀಲನ್ನು ಸೊಸೆಯ ಮುಖದ ಹತ್ತಿರ ತಂದಳು. "ಏನ ಪೊಲೀಸ್ರು? ಏ ಹುಡುಗಿ, ಏನ ಮಾಡಿಕೊಂಡೀ ನೀ? ಹೊಟ್ಟಿ ತಗಸಿದ್ಯೇನು? ದೇವ್ರು ಕೊಟ್ಟಿದ್ದನ್ನ ಕಿತ್ತು ಒಗ್ಯಾಕ ನೀ ಯಾರು? ಇದು ನಮ್ಮ ಮನಿತನಕ್ಕ ಹತ್ತೂ ಪಾಪ!"

"ಯವ್ವಾ, ಪಾಪದ ಲೆಕ್ಕ ಆಮ್ಯಾಲ ಮಾಡೂಣು," ಎಂದಳು ರಾಜೇಶ್ವರಿ. "ಈಗ ಇಕಿ ಜೀವ ಹೋಗಾಕತ್ತೇತಿ. ಕಾಂತು, ಬಂದಗಿಸಾಬನ್ನ ಎಬ್ಬಿಸು, ಟ್ರ್ಯಾಕ್ಸ್ ಗಾಡಿ ತರ್ಲಿ. ಓಡು!"

ಕಾಂತು ಕದಲಲಿಲ್ಲ. "ಒಯ್ದ್ರ ಇಕಿನ್ನ ಜೈಲಿಗಿ ಹಾಕ್ತಾರಂತಲ್ರಿ."

"ಯಾರ ಹೇಳಿದ್ರು ನಿನಗ?"

"ಊರಾಗ ಹೆಣ್ಣಮಕ್ಕಳೆಲ್ಲಾ ಹಂಗ ಅಂತಾರ."

"ಒಯ್ಯದಿದ್ರ ಬೆಳಗಾಗೂದ್ರೊಳಗ ಹೆಣ ಆಗ್ತಾಳ. ಯಾವುದು ಬೇಕು ಹೇಳು."

ಅವನು ಓಡಿದ.

ಟ್ರ್ಯಾಕ್ಸಿನ ಹಿಂದಿನ ಸೀಟಿನಲ್ಲಿ ಕಾವೇರಿಯನ್ನು ಮಲಗಿಸಿ, ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ರಾಜೇಶ್ವರಿ ಕುಳಿತಳು. ಕಾಂತು ಮುಂದೆ ಕುಳಿತ. ಮಕ್ಕಳನ್ನು ನೆರೆಮನೆಗೆ ಒಪ್ಪಿಸಿ, ಬಯ್ಯುತ್ತಲೇ ಸಾತವ್ವನೂ ಏರಿದಳು. ಬಾಗೇವಾಡಿಯ ಸರಕಾರಿ ದವಾಖಾನೆಯಲ್ಲಿ ಸಲೈನ್ ಹಚ್ಚಿದರು. ರಕ್ತ ಕೊಡಬೇಕು, ಹೊಟ್ಟೆ ಕೊಯ್ಯಬೇಕಾಗಬಹುದು, ಇದೇ ಗಾಡಿಯಲ್ಲಿ ವಿಜಾಪುರಕ್ಕೆ ನಡೆಯಿರಿ ಎಂದರು. ದಾರಿ ಮುಗಿಯುವಂತಿರಲಿಲ್ಲ. ಕಾವೇರಿಯ ನಾಡಿ ಬೆರಳಿಗೆ ಸಿಗುವುದೂ ತಪ್ಪುವುದೂ ನಡೆದಿತ್ತು. ತಪ್ಪಿದಾಗಲೆಲ್ಲ ರಾಜೇಶ್ವರಿ ಮಾತು ಜೋರಾಗಿಸುತ್ತಿದ್ದಳು. ಸುಮ್ಮನಾದರೆ ಭಯ ಬಾಯಿಗೆ ಬರುತ್ತಿತ್ತು.

"ಪೊಲೀಸ್ರ ಭಯ ಹಾಕಿದಾಂವ ಯಾಂವ ಅಂತ ನನಗ ತಿಳೀಬೇಕು," ಎಂದಳು. "ಆ ಭಯಕ್ಕ ಇಕಿ ದವಾಖಾನಿ ಬಿಟ್ಟು ಎಲ್ಲೋ ಕದ್ದು ಹೋಗ್ಯಾಳ."

"ಆ ಶಂಕರೆಪ್ಪನ ಇರಬೇಕು," ಎಂದಳು ಸಾತವ್ವ. "ಪಂಚಾಯ್ತಿ ಇಲೆಕ್ಷನ್ಯಾಗ ಮೈಕಿನ್ಯಾಗ ಒದರಿದ್ನಲ್ಲ, ಯಾರನ್ನೂ ಬಿಡಂಗಿಲ್ಲ ಅಂತ."

ಬಂದಗಿಸಾಬ ಕನ್ನಡಿಯಲ್ಲಿ ಹಿಂದಕ್ಕೆ ನೋಡಿದ. "ಅತ್ಯವ್ವಾ, ಆ ಮೈಕ್ ಕಟ್ಟಿದ್ದು ಇದ ಗಾಡಿಗೆ. ಹದಿನೈದ ದಿನ ಅದನ್ನ ಕೇಳಿ ನನ್ನ ಕಿವಿ ತೂತ ಬಿದ್ದಾವ. ಮಶೀನ್ಯಾಗ ನೋಡಿ, ಹೆಣ್ಣ ಐತಂತ ತಗಸೂವ್ರನ್ನ ಬಿಡಂಗಿಲ್ಲ ಅಂದಿದ್ದ. ಅಷ್ಟ. ಆರಿಸಿ ಬಂದ ಮ್ಯಾಲ ಅದನ್ನೂ ಮರತಾನ, ನನ್ನ ಗಾಡಿ ಬಾಡಿಗೀನೂ ಮರತಾನ."

"ಹಂಗಾರ ಮಠದಾಗ ಪುರಾಣ ಹೇಳಿದ ಅಯ್ಯನವರೇನು?" ಎಂದ ಕಾಂತು.

"ಬಾಯಿ ತೊಳಿ!" ಎಂದು ಸಾತವ್ವ ಗದರಿದಳು. "ಶ್ರಾವಣ ಪೂರ್ತಿ ಮುಂದಿನ ಸಾಲಿನ್ಯಾಗ ಕುಂತ ಕೇಳೇನಿ. ಜೀವ ತಗೀಬಾರದು, ಪಾಪ ಅಂದ್ರು. ಪೊಲೀಸ ಅನ್ನೂ ಮಾತ ಅವರ ಬಾಯಾಗ ಬಂದಿಲ್ಲ."

"ಮತ್ತ ನೀನ ಹೆದರಿಸಿರಬೇಕು ಅಕಿನ್ನ."

"ನನಗ ಬಸರ ಇದ್ದದ್ದ ಗೊತ್ತಿಲ್ಲಲೇ! ಗಂಡ ನೀ, ನಿನಗ ಹೇಳಲಿಲ್ಲ. ನನಗ ಹೇಳ್ತಾಳೇನು?"

ಕಾಂತು ಹೆಗಲ ಮೇಲಿನ ಕಂಬಳಿಯನ್ನು ತೆಗೆದು, ಕಾವೇರಿಗೆ ಹೊದಿಸಲೆಂದು ಹಿಂದಕ್ಕೆ ಕೊಟ್ಟ.

ವಿಜಾಪುರದ ದವಾಖಾನೆಯಲ್ಲಿ ಆ ಹೊತ್ತಿಗೆ ಡಾಕ್ಟರ್ ಭಾಗ್ಯಜ್ಯೋತಿ ಇದ್ದರು. ಪರೀಕ್ಷೆ ಮುಗಿಸುವ ಮೊದಲೇ ಅವರ ಹುಬ್ಬು ಗಂಟಿಕ್ಕಿತು.

"ಏನ ಹಾಕ್ಯಾರ ಒಳಗ? ಯಾವಾಗ ಹಾಕಿದ್ರು? ಕುಡ್ಯಾಕ ಏನರ ಕೊಟ್ಟಾರೇನು?"

ಕಾವೇರಿ ಕಣ್ಣು ಮುಚ್ಚಿದಳು.

"ನೋಡವ್ವ, ಕೆಲವು ಗಿಡದ ವಿಷ ಎದಿಗೇ ಹೋಗಿ ಹಿಡೀತೈತಿ. ಅದು ಯಾವುದಂತ ತಿಳೀದ ನಾ ಯಾವ ಇಂಜೆಕ್ಷನ್ ಕೊಡ್ಲಿ? ನೀ ಹೇಳದಿದ್ರ ನಾ ಕಣ್ಣ ಕಟ್ಟಿಕೊಂಡು ಕೊಯ್ದಂಗ."

ರಕ್ತದೊತ್ತಡ ಇಳಿಯುತ್ತಲೇ ಇತ್ತು. ಸಾವಿಗಿಂತ ದೊಡ್ಡದಾದ ಭಯವೊಂದು ಆ ಹೆಣ್ಣಿನ ಬಾಯಿಗೆ ಬೀಗ ಹಾಕಿತ್ತು.

ಡಾಕ್ಟರು ಬಾಗಿ, ಅವಳ ತಲೆ ಸವರಿದರು. "ನಾ ಪೊಲೀಸ್ರನ್ನ ಕರಿಯಂಗಿಲ್ಲ. ಕೇಳಿಸಿತೇನು? ನಿನ್ನನ್ನ ಯಾರೂ ಜೈಲಿಗಿ ಹಾಕಂಗಿಲ್ಲ. ಕಾನೂನ ನಿನ್ನ ಕಡೆ ಐತಿ."

ಕಾವೇರಿ ನಿಧಾನವಾಗಿ ಕಣ್ಣು ತೆರೆದಳು. ನೋಟ ಡಾಕ್ಟರರನ್ನು ದಾಟಿ ರಾಜೇಶ್ವರಿಯ ಮೇಲೆ ನಿಂತಿತು.

"ಬಾಯಾರನ್ನ ಹೊರಗ ಕಳಸ್ರಿ," ಎಂದಳು. "ಆಮ್ಯಾಲ ಹೇಳ್ತೇನಿ."

ರಾಜೇಶ್ವರಿ ಬೆಚ್ಚಿದಳು. ಇವಳ ಮಗುವನ್ನು ಕೈಯಲ್ಲಿ ಹಿಡಿದವಳು ತಾನು; ತನ್ನೆದುರಿಗೆ ಎಂಥ ನಾಚಿಕೆ? ಆದರೆ ವಾದಕ್ಕೆ ಸಮಯವಿರಲಿಲ್ಲ. ಅವಳು ಹೊರಗೆ ಬಂದಳು. ಬಾಗಿಲು ಮುಚ್ಚಿತು.

ಹೊರಗಿನ ಬೆಂಚಿನ ಮೇಲೆ ಮೂವರೂ ಕುಳಿತರು. ಒಳಗಿನಿಂದ ಪಾತ್ರೆಗಳ ಸದ್ದು, ಓಡಾಟದ ಸದ್ದು. ಅಲ್ಲಿಯ ನರ್ಸೊಬ್ಬಳು ಹೊರಬಂದು ರಕ್ತ ಬೇಕೆಂದಳು. ಕಾಂತು ತೋಳು ಚಾಚಿಕೊಂಡು ಅವಳ ಹಿಂದೆ ನಡೆದ. ಸಾತವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು. "ನನ್ನ ಸೊಸಿ ಉಳದ್ರ ಸಾಕ್ರಿ. ಉಳದ್ರ ಸಾಕು."

ಬೆಳಕು ಹರಿದಾಗ ಡಾಕ್ಟರು ಬಂದರು. ಮುಖದಲ್ಲಿ ನಗುವಿರಲಿಲ್ಲ.

"ಜೀವ ಉಳದೈತಿ. ಗರ್ಭಚೀಲ ಉಳಸಾಕ ಆಗಲಿಲ್ಲ. ಗಿಡದ ಕಡ್ಡಿ ಮುರದು ಒಳಗ ಉಳದು, ಐದ ದಿನ ಕೊಳತಿತ್ತು."

ಕಾವೇರಿಗೆ ಇನ್ನೂ ಇಪ್ಪತ್ತನಾಲ್ಕು ವರ್ಷ. ಸಾತವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಕೇಳಿದಳು: "ಪಾಪ ಮಾಡಿದ್ದಕ್ಕ ಈ ಶಿಕ್ಷಾ ಅಲ್ಲೇನ್ರಿ?"

"ಯವ್ವಾ, ಪಾಪ-ಪುಣ್ಯದ ತೀರ್ಮಾನ ಮಾಡಾಕ ನಾ ಕುಂತಿಲ್ಲ. ಹಡೀತೇನಿ ಅನ್ನಾಕಿ ಹಡೀಲಿ. ತಗಸು ಅಂತ ಅಕಿಗೆ ಯಾರೂ ಒತ್ತಾಯ ಮಾಡಬಾರದು. ನಿಮ್ಮ ಮನಸ್ಸಿಗೆ ಬ್ಯಾಡ ಅಂದ್ರ ನಿಮಗ ಬ್ಯಾಡ. ಆದ್ರ ಇದು ಶಿಕ್ಷಾ ಅಲ್ಲ, ಕಡ್ಡಿ. ಮೊದಲ ಮೂರು ತಿಂಗಳೊಳಗ ಸರಕಾರಿ ದವಾಖಾನಿಗೆ ಬಂದಿದ್ರ, ತರಬೇತಿ ಆದ ಡಾಕ್ಟರ ಕೈಯಾಗ ಆಗತಿತ್ತು; ಸಂಜಿಗೆ ನಡಕೋತ ಮನಿಗೆ ಹೋಗತಿದ್ಳು."

"ಕಾನೂನ ಒಪ್ಪತೈತೇನ್ರಿ ಇದಕ್ಕ?" ಎಂದ ಕಾಂತು, ತೋಳಿನ ಹತ್ತಿಯನ್ನು ಒತ್ತಿ ಹಿಡಿದುಕೊಂಡು.

"ಎಪ್ಪತ್ತೊಂದನೇ ಇಸವಿಯಿಂದ ಒಪ್ಪೈತಿ. ತಾಯಿ ಜೀವಕ್ಕ, ಆರೋಗ್ಯಕ್ಕ ಗಂಡಾಂತರ ಇದ್ರ, ಬಲಾತ್ಕಾರ ಆಗಿದ್ರ, ಕೂಸಿಗೆ ದೊಡ್ಡ ಊನ ಇದ್ರ, ಗಂಡ-ಹೆಂಡತಿ ಮಾಡಿದ ಗರ್ಭನಿರೋಧಕ ತಪ್ಪಿದ್ರ. ಮೂರು ತಿಂಗಳ ತನಕ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. ಅದು ದಾಟಿ ಇಪ್ಪತ್ತು ವಾರದ ತನಕ ಇಬ್ಬರದು ಬೇಕು. ಸರಕಾರಿ ದವಾಖಾನಿ, ಇಲ್ಲಾ ಸರಕಾರ ಮಂಜೂರು ಮಾಡಿದ ಜಾಗ. ಹೆಸರು ಗುಟ್ಟಾಗಿ ಇಡ್ತೇವಿ. ಹದಿನೆಂಟು ತುಂಬಿದಾಕಿ ಸಹಿ ಅಕಿದ. ಗಂಡನ ಸಹಿ ಬೇಕಂತ ಕಾನೂನಿನ್ಯಾಗಿಲ್ಲ."

"ನನ್ನ ಸಹಿ ಬ್ಯಾಡಾದ್ರ ನಾ ಯಾತಕ್ಕ ಇದೇನಿ?"

"ರಕ್ತ ಕೊಡಾಕ," ಎಂದರು ಡಾಕ್ಟರು. "ಅದಕ್ಕಿಂತ ಮೊದಲ, ಹೆಂಡತಿ ಹೆದರಿಕಿ ಏನಂತ ಕೇಳಾಕ. ನೀ ಕೇಳಿದ್ದಿ ಏನು?"

ಕಾಂತು ಕಾವೇರಿ ಮಲಗಿದ್ದ ಕೋಣೆಯ ಬಾಗಿಲಿಗೆ ಹೋಗಿ ನಿಂತ.

"ಜೈಲು ಇರೂದು ಬ್ಯಾರೆದಕ್ಕ," ಎಂದು ಡಾಕ್ಟರು ಮುಂದುವರಿಸಿದರು. "ಹೆಣ್ಣೋ ಗಂಡೋ ಅಂತ ಮಶೀನ್ಯಾಗ ತಪಾಸ ಮಾಡೂದು, ಮಾಡಿಸೂದು ಅಪರಾಧ. ಈ ಕಡ್ಡಿ ಹಾಕಿದಾಕಿಯಂಥವರು ಮಾಡೂದೂ ಅಪರಾಧ. ಈ ಎರಡೂ ಮಾತು ಕಲಸಿ ಯಾರೋ ಇಕಿ ತಲ್ಯಾಗ ಹಾಕ್ಯಾರ."

ಹನ್ನೆರಡನೆಯ ದಿನ ಕಾವೇರಿ ಮನೆಗೆ ಬಂದಳು. ಓಣಿಯ ಹುಲಿಗೆವ್ವ ನೋಡಲು ಬಂದವಳು ಬಾಗಿಲಲ್ಲೇ ನಿಂತು, "ಏನೇನೋ ಕೇಳಿದ್ವಿ, ಖರೇ ಏನ?" ಎಂದು ಬಾಯಿ ಚಪ್ಪರಿಸಿದಳು. ಅವಳಿಗೆ ಉತ್ತರ ಕೊಟ್ಟವಳು ಸಾತವ್ವ.

"ಖರೇ. ದವಾಖಾನಿಗೆ ಹೋಗೂದು ಬಿಟ್ಟು ಕದ್ದು ಹೋಗಿದ್ಳು. ಅದು ನಮ್ಮ ತಪ್ಪು. ಮನ್ಯಾಗ ಬಾಯಿ ಬಿಡಾಕ ಅಂಜಿದ್ಳು. ನಿನ್ನ ಸೊಸಿಗೂ ಕೇಳು ಹೋಗು, ಏನರ ಅಂಜಿಕಿ ಐತೇನು ಅಂತ. ಪಾಪ ಅಂತ ನಾ ಇನ್ನೂ ಅಂತೇನಿ. ಆದ್ರ ಹೆದರಿಸಿ ಸಾಯಿಸೂದು ಅದಕ್ಕಿಂತ ದೊಡ್ಡ ಪಾಪ."

ಮರುದಿನ ರಾಜೇಶ್ವರಿ ವಿಜಾಪುರಕ್ಕೆ ಹೋಗಿ ಡಾಕ್ಟರರೆದುರು ಕುಳಿತಳು. "ಆ ರಾತ್ರಿ ಕಾವೇರಿ ನಿಮಗ ಹೆಸರು ಹೇಳಿರಬೇಕು."

"ಎರಡ ಹೆಸರು ಹೇಳಿದಳು. ಆಮ್ಯಾಲ ಕಾವೇರೀನ ಒಪ್ಪಿದ್ಳು, ಕಡ್ಡಿ ಹಾಕಿದಾಕಿ ಮ್ಯಾಲ ದೂರು ಹೋಗೇತಿ. ಪೊಲೀಸ್ರ ಭಯ ಹಾಕಿದವರ ಹೆಸರು ಬ್ಯಾರೆ. ಗಟ್ಟಿ ಇದ್ದೀರೇನು ಕೇಳಾಕ?"

ಡಾಕ್ಟರು ಹೇಳಿದ್ದು ಇಷ್ಟು. ಆಷಾಢದ ಒಂದು ಶನಿವಾರ ಊರಿನ ಮಹಿಳಾ ಸಂಘದ ಸಭೆಯಿತ್ತು. ಮೂವತ್ತು ಹೆಂಗಸರು ಕುಳಿತಿದ್ದರು. ಭ್ರೂಣಲಿಂಗ ಪತ್ತೆ ನಿಷೇಧದ ಕಾನೂನನ್ನು ತಿಳಿಸಿ ಹೇಳಬೇಕಾಗಿತ್ತು. "ಹೆಣ್ಣೋ ಗಂಡೋ ಅಂತ ತಪಾಸ ಮಾಡಿಸಿ, ಹೆಣ್ಣಂತ ಹೊಟ್ಟಿ ತಗಸಿದ್ರ ಜೈಲು" ಎನ್ನಬೇಕಾದ ಮಾತು. ಅಷ್ಟರಲ್ಲಿ ಐದೂವರೆಯ ಬಸ್ಸಿನ ಹಾರ್ನ್ ಕೇಳಿಸಿತು. ಅದು ಆ ದಿನದ ಕೊನೆಯ ಬಸ್ಸು. ಮಾತನಾಡುತ್ತಿದ್ದವರು ಚೀಲ ಎತ್ತಿಕೊಂಡು, "ಹೊಟ್ಟಿ ತಗಸಿದ್ರ ಜೈಲು, ತಿಳೀತಿಲ್ಲ?" ಎಂದು ಕೂಗಿ ಓಡಿದರು. ಮೊದಲಿನ ಅರ್ಧ ಮಾತು ಯಾರ ಕಿವಿಗೂ ಬೀಳಲಿಲ್ಲ. ಅದನ್ನು ಹೇಳಿಯೇ ಇರಲಿಲ್ಲ. ಕೊನೆಯ ಸಾಲಿನಲ್ಲಿ ಕಾವೇರಿ ಕುಳಿತಿದ್ದಳು. ತನಗೆ ದಿನ ನಿಂತಿವೆ, ಜೀವಕ್ಕೆ ಭಯವಾಗಿದೆ, ಏನು ಮಾಡಲಿ ಎಂದು ಕೇಳಲೆಂದೇ ಆ ದಿನ ಅವಳು ಸಭೆಗೆ ಬಂದಿದ್ದಳು.

ಓದುವ ಅಕ್ಕ-ತಂಗಿಯರೇ, ಕೇಳುವ ಅಣ್ಣ-ತಮ್ಮಂದಿರೇ, ಬೇಡದ ಬಸಿರು ನಿಲ್ಲದಂತೆ ಮೊದಲೇ ನರ್ಸರನ್ನೂ ಡಾಕ್ಟರರನ್ನೂ ವಿಚಾರಿಸಿರಿ. ನಿಂತರೆ, ಮುಚ್ಚಿಡಬೇಡಿರಿ; ದಿನ ಕಳೆದಷ್ಟೂ ಅಪಾಯ ಹೆಚ್ಚು. ಕಡ್ಡಿ, ಬೇರು, ಗುಟ್ಟಿನ ಗುಳಿಗೆಗಳ ಹತ್ತಿರ ಸುಳಿಯಬೇಡಿರಿ. ಈಗಾಗಲೇ ಯಾರಾದರೂ ಹಾಗೆ ಮಾಡಿಸಿಕೊಂಡು ಜ್ವರ, ರಕ್ತಸ್ರಾವದಲ್ಲಿ ಮಲಗಿದ್ದರೆ ಈ ಕಾಗದವನ್ನು ಇಲ್ಲೇ ಇಟ್ಟು ಅವಳನ್ನು ದವಾಖಾನೆಗೆ ಕರೆದೊಯ್ಯಿರಿ. ಇಂಡಿಯಲ್ಲಿರಲಿ, ಸಿಂದಗಿಯಲ್ಲಿರಲಿ, ಮುದ್ದೇಬಿಹಾಳದಲ್ಲಿರಲಿ, ಕಾನೂನಿನ ಮಾತನ್ನು ಯಾರು ಹೇಳಿದರೂ ಪೂರ್ತಿ ಹೇಳಿಸಿಕೊಳ್ಳಿರಿ. ಅರ್ಧ ಹೇಳಿ ಏಳುವವರ ಸೆರಗು ಹಿಡಿದು ಕೂರಿಸಿರಿ, ಅವರು ಎಷ್ಟೇ ಒಳ್ಳೆಯವರಾಗಿರಲಿ.

ಆ ಶನಿವಾರ ಐದೂವರೆಯ ಬಸ್ಸಿಗೆ ಓಡಿದವರ ಹೆಸರು ರಾಜೇಶ್ವರಿ.