ಸುಣ್ಣದ ಗೆರೆ

ಗಣಿತ ಪಾಠದ ಯೋಜನೆ ಬರೆಯುವುದರಲ್ಲಿ ಜೀವ ಹೋಗುವಂಥದ್ದೇನಿದೆ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ತಿಳಿದಿದ್ದೆ. ಶಿಗ್ಲಿಯ ಸುತ್ತಲಿನ ಶಾಲೆಗಳ ಗಣಿತ ಶಿಕ್ಷಕರು ಆಗಾಗ ಒಂದು ಕಡೆ ಕೂತು, ಮುಂದಿನ ಘಟಕವನ್ನು ಕೂಡಿ ಯೋಜಿಸಿ, ಅಲ್ಲಿಯ ಮಕ್ಕಳಿಗೇ ಕಲಿಸಿ ನೋಡುವುದು ನಮ್ಮ ರೂಢಿ. ಆ ಸಲ ನಮ್ಮ ಶಾಲೆಯ ಸರದಿ. ಪಾಠ, ಎಂಟನೆಯ ತರಗತಿಯ ತ್ರಾಪಿಜ್ಯದ ವಿಸ್ತೀರ್ಣ. ಎದುರುಬದುರಿನ ಎರಡು ಬದಿ ಸಮಾಂತರ, ಇನ್ನೆರಡು ಹೇಗಾದರೂ ಇರಲಿ.

ಮೌನೇಶ ಸರ್ ಬಂದವರೇ ಹಲಗೆಯ ಮೇಲೆ ಸೂತ್ರ ಗೀಚಿದರು. "ಮೊದಲ ಇದನ್ನ ಬಾಯಿಪಾಠ ಮಾಡಸ್ರಿ. ಆಮ್ಯಾಲೆ ಉಳದದ್ದು."

"ಬಾಯಿಪಾಠ ಮಾಡಿಸಿ ಮಾಡಿಸೇ ಹುಡುಗರ ತಲಿ ಕೆಟ್ಟೈತ್ರಿ," ಎಂದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಹೊಲಕ್ಕ ಕರಕೊಂಡ ಹೋಗೂಣು. ಹಗ್ಗ ಹಿಡದು ತಾವ ಅಳೀಲಿ."

"ಶಿವಲಕ್ಷ್ಮಿ ಟೀಚರ, ನಿಮ್ಮ ಆಟಕ್ಕ ಪೀರಿಯಡ್ ಸಾಲಂಗಿಲ್ಲ."

ಕೈಯಲ್ಲಿದ್ದ ಡಸ್ಟರನ್ನು ಮೇಜಿಗೆ ಕುಕ್ಕಿದೆ. ಧೂಳೆಲ್ಲ ಅವರ ಮುಖಕ್ಕೆ ಹಾರಿತು. ಅವರು ಎದ್ದು ನಿಂತರು, ನಾನೂ ನಿಂತೆ. ನಮ್ಮಲ್ಲಿ ಹಿರಿಯರಾದ ಯಮನೂರಸಾಬ ಸರ್ ನಡುವೆ ಬಂದು ಡಸ್ಟರ್ ಕಸಿದುಕೊಂಡರು. "ಹೊಲಾನೂ ಇರ್ಲಿ, ಸೂತ್ರಾನೂ ಇರ್ಲಿ. ಇಬ್ರೂ ಕುಂಡ್ರಿ."

ಶಾಲೆಯ ಹಿಂದೆಯೇ ಕಳಕಪ್ಪನ ಹೊಲ. ಅವನ ಮಗಳು ಕಾವೇರಿ ನನ್ನ ತರಗತಿಯವಳು. ಕೇಳಿದ ಕೂಡಲೇ, "ಅಳೀರಿ ಟೀಚರ, ಅದಕ್ಕೇನ," ಎಂದು ನಕ್ಕ. ಆಚೆಯ ಹೊಲ ಅವನ ತಮ್ಮ ಹನಮಂತನದು, ನಡುವಿನ ಬದುವಿಗಾಗಿ ಅಣ್ಣತಮ್ಮಂದಿರು ಕೋರ್ಟಿಗೆ ಅಲೆಯುತ್ತಿದ್ದಾರೆ ಎಂಬುದನ್ನು ಆ ಪುಣ್ಯಾತ್ಮ ಬಾಯಿ ಬಿಡಲಿಲ್ಲ. ನಾನು ಲಕ್ಷ್ಮೇಶ್ವರದಿಂದ ಬಸ್ಸಿನಲ್ಲಿ ಬಂದು ಹೋಗುವವಳು, ಊರಿನ ಜಗಳ ನನಗೇನು ಗೊತ್ತು? ಹಗ್ಗ, ಟೇಪು, ಮರದ ಅಳತೆಪಟ್ಟಿ, ಸುಣ್ಣದ ಪುಡಿ ಎಲ್ಲವನ್ನೂ ಯೋಜನೆಯಲ್ಲಿ ಬರೆದೆವು. ಬದು ಯಾರದು ಎಂದು ಒಬ್ಬರೂ ಕೇಳಲಿಲ್ಲ.

ಹೆಸರುಕಾಳಿನ ಬೆಳೆ ಕಿತ್ತು ಹರಗಿ ಬಿಟ್ಟಿದ್ದ ಕರಿ ನೆಲ. ರಸ್ತೆಯ ಕಡೆಯ ಬದಿ ನೆಟ್ಟಗಿತ್ತು. ಎದುರಿನ ಬದು ಮಾತ್ರ ನಡುವೆ ಹೊಟ್ಟೆ ಉಬ್ಬಿ ಕಳಕಪ್ಪನ ಹೊಲದೊಳಕ್ಕೆ ಬಂದಿತ್ತು.

"ಸೊಟ್ಟ ಇದ್ರ ಸೂತ್ರ ಹತ್ತಂಗಿಲ್ಲ," ಎಂದು ಮೌನೇಶ ಸರ್ ಬದುವಿನ ಗೊಡವೆಯನ್ನೇ ಬಿಟ್ಟು, ಮೂಲೆಯಿಂದ ಮೂಲೆಗೆ ನೆಟ್ಟಗೆ ಸುಣ್ಣ ಸುರಿದರು. ಗೆರೆ ಚೆಂದ ಬಂತು, ಸುಳ್ಳೇಕೆ ಹೇಳಲಿ, ನಾನೂ ಮೆಚ್ಚಿದೆ. ಆ ಗೆರೆಯಿಂದ ಹನಮಂತನ ನೆಲದ ಒಂದು ತುಂಡು ಅಣ್ಣನ ಪಾಲಿಗೆ ಸೇರಿಬಿಟ್ಟಿತ್ತು.

ಎರಡು ಬದಿಗಳ ನಡುವಿನ ಅಂತರ ಅಳೆಯಬೇಕಿತ್ತು. ಕಾವೇರಿಯನ್ನು ಸುಣ್ಣದ ಗೆರೆಯ ಮೇಲೆ ನಿಲ್ಲಿಸಿ ಹಗ್ಗದ ತುದಿ ಕೊಟ್ಟೆ. ಇನ್ನೊಂದು ತುದಿ ರಸ್ತೆಯ ಬದಿಗೆ ಯಮನೂರಸಾಬ ಸರ್ ಕೈಯಲ್ಲಿ. "ಬಿಗಿ ಹಿಡೀವಾ. ನಾ ಹೇಳೂತನಕ ಬಿಡಬ್ಯಾಡ," ಎಂದೆ. ಅವಳು ಹಗ್ಗವನ್ನು ಅಂಗೈಗೆ ಸುತ್ತಿಕೊಂಡು ಅಲ್ಲಾಡದೆ ನಿಂತಳು.

ಆಗಲೇ ಹನಮಂತ ಕೊಡಲಿ ಹಿಡಿದು ಬಂದ. ಪ್ಯಾಂಟು ತೊಟ್ಟವರು, ಟೇಪು, ತನ್ನ ನೆಲದಲ್ಲಿ ಬಿಳಿ ಗೆರೆ. ಸರಕಾರಿ ಸರ್ವೆಯವರೆಂದು ನಂಬಲು ಇನ್ನೇನು ಬೇಕಿತ್ತು ಅವನಿಗೆ?

"ನನಗ ಹೇಳದ ಮೋಜಣಿ ಮಾಡಸ್ತಿಯೇನಲೇ?" ಎಂದು, ಬದುವಿನ ಬಳಿ ನಿಂತು ನಮ್ಮ ಅಳತೆ ನೋಡುತ್ತಿದ್ದ ಅಣ್ಣನ ಮೇಲೆ ಕೂಗಿದ.

"ಮೋಜಣಿ ಅಲ್ಲಪಾ, ಇದು ಶಾಲಿ ಲೆಕ್ಕ," ಎಂದು ಮೌನೇಶ ಸರ್ ಅಡ್ಡ ಹೋದರು. ಹನಮಂತ ಕೊಡಲಿಯ ಕಾವಿನಿಂದ ಅವರ ಬಾಯಿಗೆ ಬಡಿದ. ಹಲ್ಲು ಉದುರಿ, ಅವರು ರಕ್ತ ಉಗುಳುತ್ತ ಕುಸಿದರು. ಮಕ್ಕಳು ಚೀರಿ ಶಾಲೆಯತ್ತ ಓಡಿದರು.

ಕಳಕಪ್ಪ ಒಂದು ಮಾತು ನಿಜ ಹೇಳಿದ್ದರೆ ಸಾಕಿತ್ತು. ಆ ಪಾಪಿ ಗೆರೆಯ ಮೇಲೆ, ಮಗಳ ಹಿಂದೆಯೇ ಬಂದು ನಿಂತು, "ಸರಕಾರದವರ ಅಳದು ಕೊಟ್ಟಾರ. ಇದು ಇನ್ನ ನಂದು. ಏನ ಹರಕೋತಿ ಹರಕೋ," ಎಂದ.

ಹನಮಂತ ಕೊಡಲಿ ಎತ್ತಿದ. ಕಾವೇರಿ ಇಬ್ಬರ ನಡುವೆ ಹಗ್ಗ ಹಿಡಿದೇ ನಿಂತಿದ್ದಳು.

"ಓಡಲೇ ಕಾವೇರಿ," ಎಂದು ಗಂಟಲು ಹರಿಯುವಂತೆ ಕೂಗಿದೆ. ಹುಡುಗಿ ಕಲ್ಲಾಗಿದ್ದಳು. ಯಮನೂರಸಾಬ ಸರ್ ಮೈಯೆಲ್ಲ ಹಿಂದಕ್ಕೆ ಚೆಲ್ಲಿ ಹಗ್ಗ ಜಗ್ಗಿದರು. ಕೈ ಬಿಡದಿದ್ದ ಹುಡುಗಿ ಮುಖ ಅಡಿಯಾಗಿ ಬಿದ್ದು ಹೆಂಟೆಗಳ ಮೇಲೆ ಹಗ್ಗದ ಹಿಂದೆ ಜಾರುತ್ತ ಹೋದಳು. ಕೊಡಲಿ ಕಳಕಪ್ಪನ ಕುತ್ತಿಗೆಗೂ ಹೆಗಲಿಗೂ ನಡುವೆ ಇಳಿಯಿತು.

ಹನಮಂತ ಕೊಡಲಿ ಕಿತ್ತು ಮತ್ತೆ ಎತ್ತಿದ. ನಾನು ಕೈಯಲ್ಲಿದ್ದ ಅಳತೆಪಟ್ಟಿಯಿಂದ ಅವನ ಮುಖಕ್ಕೆ ಬಾರಿಸಿದೆ. ಪಟ್ಟಿ ಮುರಿಯಿತು. ಮುರಿದ ತುಂಡಿನಿಂದಲೇ ಅವನು ಕಣ್ಣು ಮುಚ್ಚಿಕೊಂಡು ಕೂರುವ ತನಕ ಹೊಡೆದೆ. ಉಳಿದ ಶಿಕ್ಷಕರು ಅವನನ್ನು ಕೆಡವಿ ಮೇಲೆ ಕೂತರು. ಸುಣ್ಣದ ಗೆರೆ ನಡುವೆ ಒದ್ದೆಯಾಗಿ ಕೆಂಪಗಾಗಿತ್ತು.

ಸಿಕ್ಕ ಟಂಟಂ ಗಾಡಿಯಲ್ಲಿ ಕಳಕಪ್ಪನನ್ನು ಹಾಕಿಕೊಂಡು ಲಕ್ಷ್ಮೇಶ್ವರಕ್ಕೆ ಹೊರಟೆವು. ತಲೆ ಯಮನೂರಸಾಬ ಸರ್ ತೊಡೆಯ ಮೇಲಿತ್ತು. ಊರು ಇನ್ನೂ ಕಾಣುವ ಮೊದಲೇ ಅವರು ತಮ್ಮ ಟವೆಲನ್ನು ಅವನ ಗಾಯದಿಂದ ತೆಗೆದು ಮುಖಕ್ಕೆ ಹೊದಿಸಿದರು.

ಕಾವೇರಿ ನನ್ನ ಪಕ್ಕದಲ್ಲಿ ಅಪ್ಪನನ್ನೇ ನೋಡುತ್ತ ಕೂತಿದ್ದಳು. ಅಳಲಿಲ್ಲ. ಮುಷ್ಟಿ ಇನ್ನೂ ಬಿಗಿಯಾಗಿತ್ತು, ಸುತ್ತಿದ ಹಗ್ಗ ಅಂಗೈಯ ಮಾಂಸದೊಳಕ್ಕೆ ಇಳಿದಿತ್ತು, ಬೆರಳ ಸಂದಿಯಿಂದ ರಕ್ತ ಅವಳ ಲಂಗದ ಮೇಲೆ ತೊಟ್ಟಿಕ್ಕುತ್ತಿತ್ತು. ಆ ಕೈ ಮುಟ್ಟಲು ನನಗೆ ಧೈರ್ಯ ಬರಲಿಲ್ಲ.

ಅವಳು ನನ್ನ ಕಡೆ ತಿರುಗಿದಳು.

"ಟೀಚರ, ಈಗ ಬಿಡಲೇನ್ರಿ?"