ಗೇಣುದ್ದದ ಖಾಲಿ ಜಾಗ

ಅರ್ಧ ಊರು ನಿನ್ನೆ ಮತ ಹಾಕಿತ್ತು, ಉಳಿದರ್ಧ ನಾಳೆ ಹಾಕಬೇಕಿತ್ತು. ನಡುವಿನ ಈ ದಿನ, ಮತ ಹಾಕಿ ಬಂದವರನ್ನು ಕೇಳಿ ಯಾರು ಗೆಲ್ಲುತ್ತಾರೆಂದು ಅಚ್ಚು ಹಾಕುವುದು ಅಪರಾಧ. ಗ್ರಹಗಳನ್ನು ಕೇಳಿ ಅಚ್ಚು ಹಾಕಬಹುದು. ಹಾಗಾಗಿ ಸರ್ಕಾರಿ ಜಾಹೀರಾತು ತಿಂದು ಕೊಬ್ಬಿದ ಎದುರು ಬೀದಿಯ ಪತ್ರಿಕೆ, ಜ್ಯೋತಿಷಿಯೊಬ್ಬನನ್ನು ಮುಖಪುಟದಲ್ಲಿ ಕೂರಿಸಿ, ಆಳುವ ಪಕ್ಷಕ್ಕೆ ಗುರುಬಲವಿದೆ ಎಂದು ಸಾರಿತ್ತು. ಗುರು ಯಾವ ಮತಗಟ್ಟೆಯಿಂದಲೂ ಹೊರಬಂದವನಲ್ಲವಾದ್ದರಿಂದ ಕಾನೂನಿಗೆ ತಕರಾರಿರಲಿಲ್ಲ.

ಈ ಬೀದಿಯ ಪತ್ರಿಕೆಗೆ ಅಷ್ಟು ಮೇಲಿನ ಸಂಪರ್ಕಗಳಿರಲಿಲ್ಲ. ಅದರ ವರದಿಗಾರರು ಮತಗಟ್ಟೆಗಳ ಹೊರಗೆ ಬಿಸಿಲಲ್ಲಿ ನಿಂತು ಬರೀ ಮನುಷ್ಯರನ್ನು ಕೇಳಿದ್ದರು. ಕೊನೇ ಗಳಿಗೆಯಲ್ಲಿ ವಕೀಲರು ಹೆದರಿಸಿದ್ದರಿಂದ ಸಂಪಾದಕರು ಸಮೀಕ್ಷೆಯನ್ನು ಕಿತ್ತುಹಾಕಿಸಿದರು. ಕಿತ್ತ ಸುದ್ದಿಯ ಜಾಗವನ್ನು ಖಾಲಿ ಬಿಡುವುದು ಅವರ ತಂದೆಯ ಕಾಲದಿಂದ ಬಂದ ಪದ್ಧತಿ. ಕಿತ್ತದ್ದು ಎಷ್ಟಿತ್ತೋ ಖಾಲಿಯೂ ಅಷ್ಟೇ ಇರಬೇಕೆಂಬುದು ಎಲ್ಲರೂ ‘ಅಡಿಪಟ್ಟಿ’ ಎಂದೇ ಕರೆಯುವ, ಪುಟ ಕಟ್ಟುವ ಕೆಲಸಗಾರನ ಧರ್ಮ. ಅವನು ಸಮೀಕ್ಷೆಯ ಕಂಬನಕ್ಷೆಯಿಂದ ಅಂಕಿ ಅಳಿಸಿದ, ಪಕ್ಷಗಳ ಹೆಸರು ಅಳಿಸಿದ, ಬಣ್ಣ ಅಳಿಸಿದ. ಬೆಳಿಗ್ಗೆ ಮುಖಪುಟದಲ್ಲಿ ಎರಡು ಖಾಲಿ ಕಂಬಗಳು ನಿಂತಿದ್ದವು: ಒಂದು ಗೇಣುದ್ದ, ಇನ್ನೊಂದು ಬೆರಳುದ್ದ.

ಪತ್ರಿಕೆ ಬಿಸಿ ಬೋಂಡಾದಂತೆ ಖರ್ಚಾಯಿತು. ಮಧ್ಯಾಹ್ನಕ್ಕೆ ಚುನಾವಣಾಧಿಕಾರಿ ಬಂದ. ಸಂಪಾದಕರ ಭಾಮೈದನೇ, ಆದರೆ ಜೀಪಿನಲ್ಲಿ ಬಂದದ್ದರಿಂದ ಸಂಬಂಧ ಬಾಗಿಲ ಹೊರಗೇ ಉಳಿಯಿತು.

“ಭಾವಾ, ಪ್ರೆಸ್ಸಿಗೆ ಬೀಗ ಹಾಕ್ತಿದೀನಿ. ಪತ್ರಿಕೆ ಇವತ್ತಿಗೆ ಬಂದ್. ನೋಟಿಸು ನಿಮ್ಮ ಬಾಗಿಲಿಗೇ ಅಂಟಿಸ್ತೀನಿ, ಊರೆಲ್ಲ ಓದ್ಲಿ.”

“ಖಾಲಿ ಜಾಗಕ್ಕೇನೋ ನೋಟಿಸು?” ಎಂದರು ಸಂಪಾದಕರು. ಅಪ್ಪ ಕಟ್ಟಿದ ಪತ್ರಿಕೆ.

“ಖಾಲಿಯಂತೆ! ಯಾರು ಗೆಲ್ತಾರೆ ಅಂತ ಕುರುಡನಿಗೂ ಕಾಣತ್ತೆ.”

ಅಡಿಪಟ್ಟಿ ಒಳಗಿಂದ ಇಣುಕಿದ. “ಸಾರ್, ನಾಳೆ ಬೇಕಿದ್ರೆ ಎರಡನ್ನೂ ಸಮ ಮಾಡ್ತೀನಿ.”

“ಬೇಡಪ್ಪಾ! ಸಮ ಮಾಡಿದ್ರೆ ಭಾರೀ ಪೈಪೋಟಿ ಅಂತಾರೆ,” ಎಂದರು ಸಂಪಾದಕರು.

ಜಾಹೀರಾತು ನೋಡಿಕೊಳ್ಳುತ್ತಿದ್ದ ಸಂಪಾದಕರ ಹೆಂಡತಿ ಮೇಜಿನಿಂದೆದ್ದು ಬಂದು, ಪೆನ್ನಿನ ಮುಚ್ಚಳ ತೆಗೆದು ತಮ್ಮನ ಕೈಗಿಟ್ಟಳು.

“ತಗೊಳೋ. ತಪ್ಪೇನು ಅಂತ ನೋಟಿಸಲ್ಲಿ ಬರೀಬೇಕಲ್ಲ? ಬರಿ. ಗೇಣುದ್ದದ್ದು ಯಾರ್ದು?”

“ಅಕ್ಕಾ, ಅದು ಎಲ್ಲರಿಗೂ ಗೊತ್ತಿರೋದೇ ಅಲ್ವಾ...”

“ಗೊತ್ತಿರೋದನ್ನ ಬರಿಯೋಕೆ ಯಾಕಪ್ಪಾ ನಾಚಿಕೆ? ಬೆರಳುದ್ದದ್ದು ನಿಮ್ಮ ಮಂತ್ರಿಗಳ ಪಕ್ಷದ್ದು ಅಂತ ದಪ್ಪಕ್ಷರದಲ್ಲಿ ಬರಿ. ಸಹಿ ಹಾಕು, ಸೀಲು ಒತ್ತು. ಬಾಗಿಲಿಗೆ ನಾನೇ ಅಂಟಿಸ್ತೀನಿ. ಗೋಂದು ನಮ್ದೇ.”

ಅಧಿಕಾರಿ ಪೆನ್ನು ಹಿಡಿದು ನಿಂತ. ಮತದಾನ ಮುಗಿಯುವ ಮೊದಲೇ ಯಾರು ಮುಂದಿದ್ದಾರೆಂದು ಸಾರ್ವಜನಿಕವಾಗಿ ತಿಳಿಸುವವನಿಗೆ ಏನು ಶಿಕ್ಷೆ ಎಂಬುದು ಊರಿನಲ್ಲಿ ಅವನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆ ಸುತ್ತೋಲೆ ಬರೆದವನೇ ಅವನು. ಮಂತ್ರಿಗಳ ಅಳತೆ ಬರೆದಿಟ್ಟವನಿಗೆ ಏನಾಗುತ್ತದೆಂದು ಯಾವ ಸುತ್ತೋಲೆಯಲ್ಲೂ ಇರಲಿಲ್ಲ. ಅದೂ ಅವನಿಗೆ ಗೊತ್ತಿತ್ತು.

ನೋಟಿಸನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಳಿಸಿದ. ಬೀಗ ಜೀಪಿನಲ್ಲೇ ಉಳಿಯಿತು. ಬಾಗಿಲವರೆಗೆ ಹೋದವನು ತಿರುಗಿ, ಡ್ರೈವರ್‌ಗೆ ಕೇಳಿಸದ ಹಾಗೆ ಕೇಳಿದ:

“ಅಕ್ಕಾ, ಗೇಣುದ್ದ ಅನ್ನೋದು ನಿಜಾನಾ? ಯಾರಿಗೆ ಸಲಾಮು ಹೊಡೀಬೇಕು ಅಂತ ಈಗ್ಲೇ ಗೊತ್ತಾದ್ರೆ ಒಳ್ಳೇದು.”

“ನಾಳೆ ಮತದಾನ ಮುಗಿದ್ಮೇಲೆ ಬಾ,” ಎಂದಳು ಅಕ್ಕ. “ಈಗ ಹೇಳಿದ್ರೆ ಅಪರಾಧ ಕಣೋ.”